ಮೂವತ್ತೈದು ಮಾರ್ಕಿನ ವೈಸು

ಸಾವಕ್ಕನ ಕೆಂಪು ಹುಂಜ ಓಣಿಯ ಎಲ್ಲರ ಮನೆಯ ಮುಂದೆಯೂ ಎದೆಯುಬ್ಬಿಸಿ ನಡೆಯುತ್ತಿತ್ತು. ಕಸ್ತೂರೆವ್ವನ ಮನೆ ಬಂತೆಂದರೆ ಮಾತ್ರ ಓಡುತ್ತಿತ್ತು. ಪಾಪ, ಅದರ ತಪ್ಪೇನಿಲ್ಲ. ಅದರ ಕೊರಳಿನ ಉದ್ದನೆಯ ಹೊಳಪಿನ ಗರಿಗಳನ್ನು ತಿಂಗಳು ತಿಂಗಳು ಆ ಮನೆಯ ಕಟ್ಟೆಯ ಮೇಲೆಯೇ ಕೀಳುತ್ತಿದ್ದರು.

ಆ ಗರಿಗಳಿಂದ ಕಸ್ತೂರೆವ್ವ ಹುಳ ಕಟ್ಟುತ್ತಿದ್ದಳು. ಸಣ್ಣ ಗಾಳದ ಮೇಲೆ ಮೇಣ ತಿಕ್ಕಿದ ರೇಷ್ಮೆ ದಾರ ಸುತ್ತಿ, ಅದರೊಳಗೆ ಗರಿ ಸೇರಿಸಿ ಬಿಗಿದರೆ, ಎರಡು ರೆಕ್ಕೆಯ ಒಂದು ಸುಳ್ಳು ಹುಳ ಆಗುತ್ತಿತ್ತು. ನೀರಿನ ಮೇಲೆ ನಿಜವಾದ ಹುಳವೇ ಬಿತ್ತೆಂದು ಮೀನು ಬಾಯಿ ಹಾಕಬೇಕು, ಹಾಗೆ. ಹುಬ್ಬಳ್ಳಿಯ ಒಬ್ಬ ಹೆಣ್ಣುಮಗಳಿಗೆ ಈ ವಿದ್ಯೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಬಹುದು. ಬಂದದ್ದು ರೈಲ್ವೆ ವರ್ಕಶಾಪಿನ ಬಿಳಿ ಸಾಹೇಬರ ಬಂಗಲೆಯಿಂದ. ಕಸ್ತೂರೆವ್ವ ಹರೆಯದಲ್ಲಿ ಅಲ್ಲಿ ಕೂಸು ಆಡಿಸಲು ಹೋಗುತ್ತಿದ್ದಳು. ಸಾಹೇಬನಿಗೆ ಮೀನು ಹಿಡಿಯುವ ಹುಚ್ಚು. ಅವನ ಹೆಂಡತಿ ಮಡಮ್ಮನಿಗೆ ಹುಳ ಕಟ್ಟುವ ಹುಚ್ಚು. ಕೂಸು ಮಲಗಿದ ಹೊತ್ತಿನಲ್ಲಿ ನೋಡಿ ನೋಡಿಯೇ ಕಸ್ತೂರೆವ್ವ ಕಲಿತಳು. ನಲವತ್ತೇಳರಲ್ಲಿ ಅವರು ಊರು ಬಿಟ್ಟು ಹೋಗುವಾಗ ಮಡಮ್ಮ ತನ್ನ ವೈಸನ್ನು ಇವಳ ಕೈಗೆ ಕೊಟ್ಟು, ಮುಂಬಯಿಯ ಒಂದು ಗಾಳದಂಗಡಿಗೆ ಪತ್ರ ಬರೆದು ಹೋದಳು. ವೈಸು ಅಂದರೆ ಗಾಳವನ್ನು ಕಚ್ಚಿ ಹಿಡಿಯುವ ಕಬ್ಬಿಣದ ಮೂತಿ. ಎರಡೂ ಕೈ ಕೆಲಸಕ್ಕೆ ಖಾಲಿ ಇರಬೇಕಲ್ಲ, ಅದಕ್ಕೆ.

ಅಂದಿನಿಂದ ಹದಿನಾರು ವರ್ಷ, ಗಂಡ ಗಂಗಪ್ಪ ಇದ್ದಾಗಲೂ, ಅವನು ತೀರಿಕೊಂಡ ಮೇಲೂ, ತಿಂಗಳಿಗೆ ನಾಲ್ಕು ಡಜನ್ ಹುಳ ಮುಂಬಯಿಗೆ ಹೋಗುತ್ತಿದ್ದವು. ಅವಳು ಮೀನು ಹಿಡಿದವಳಲ್ಲ, ಮುಂಬಯಿ ನೋಡಿದವಳೂ ಅಲ್ಲ. ಆದರೆ ಬೆಳಗಿನ ಬಿಸಿಲು ಕಟ್ಟೆಗೆ ಬಂದ ಕೂಡಲೇ ಹಲಗೆ ತೊಡೆಯ ಮೇಲಿಟ್ಟುಕೊಂಡು ಕೂತರೆ, ಅವಳಿಗೆ ಲೋಕದಲ್ಲಿ ತನ್ನದೊಂದು ಜಾಗ ಇದೆ ಅನ್ನಿಸುತ್ತಿತ್ತು.

ಆ ಜಾಗಕ್ಕೆ ಈಗ ಕುತ್ತು ಬಂದಿತ್ತು. ಹದಿನಾರು ವರ್ಷ ಬಗ್ಗಿ ಬಗ್ಗಿ ಕತ್ತು ಸೆಟೆದುಕೊಂಡು, ಡಾಕ್ಟರರು ತೊಗಲಿನದೊಂದು ಪಟ್ಟಾ ಕೊರಳಿಗೆ ಕಟ್ಟಿ, "ಇನ್ನ ಮ್ಯಾಲೆ ಬಗ್ಗೂದು ಹೊಳ್ಳೂದು ಬಂದ್. ಇಲ್ಲಾಂದ್ರ ಕೈಯೂ ಜೋಮ ಹಿಡೀತಾವು, ದಾರ ಹಿಡಿಯಾಕೂ ಬರಂಗಿಲ್ಲ" ಎಂದು ಕಳಿಸಿದ್ದರು. ಕತ್ತು ಹೊರಳದೆ ಹುಳ ಕಟ್ಟುವುದು ಹೇಗೆ? ಮಡಮ್ಮನ ವೈಸು ಅಲ್ಲಾಡುವುದಿಲ್ಲ. ಈಚೆ ಬದಿಯ ರೆಕ್ಕೆ ಕಣ್ಣ ಮುಂದೆ. ಆಚೆ ಬದಿಯದನ್ನು ನೋಡಬೇಕೆಂದರೆ ಬಗ್ಗಿ ಹಣಕಬೇಕು. ಗಾಳವನ್ನೇ ಬಿಚ್ಚಿ ತಿರುವಿ ಕಚ್ಚಿಸಿದರೆ ದಾರ ಸಡಿಲಾಗಿ ಗರಿ ಕೆದರುತ್ತಿತ್ತು. ಸಾವಕ್ಕ ಎದುರಿಗೆ ಕನ್ನಡಿ ಇಡುವ ಉಪಾಯ ಹೇಳಿದಳು. ಕನ್ನಡಿಯಲ್ಲಿ ಎಡಬಲ ಅದಲುಬದಲಾಗಿ ಕಸ್ತೂರೆವ್ವ ತನ್ನ ಹೆಬ್ಬೆರಳಿಗೇ ದಾರ ಸುತ್ತಿಕೊಂಡಳು.

ಹೀಗೆ ಆಚೆ ಬದಿ ಕಾಣದೆ ಕಟ್ಟಿದ ಹುಳಗಳಲ್ಲಿ ಎರಡು ಡಜನ್ ಮುಂಬಯಿಯಿಂದ ಮರಳಿ ಬಂದವು, ಜೊತೆಗೊಂದು ಇಂಗ್ಲಿಷ್ ಪತ್ರ.

ಪತ್ರ ಓದುವವನು ಗುರುಸಿದ್ದಯ್ಯ. ಇದೇ ಓಣಿಯಲ್ಲಿ ಬೆಳೆದ ಹುಡುಗ, ಈಗ ಧಾರವಾಡದಲ್ಲಿ ಲೆಕ್ಚರರು, ಸಪ್ತಾಪುರದಲ್ಲಿ ಬಾಡಿಗೆ ಖೋಲಿ. ರವಿವಾರಕ್ಕೊಮ್ಮೆ ತಾಯಿಯನ್ನು ನೋಡಲು ರೈಲಿನಲ್ಲಿ ಬರುತ್ತಿದ್ದ. "ನಾ ಮೀನ ತಿನ್ನಾಂವ ಅಲ್ಲ, ಮೀನಿನ ಪತ್ರಾ ಓದಾಂವ" ಎಂದು ನಗುತ್ತಲೇ ಬಿಚ್ಚಿದ. ಓದುತ್ತ ಓದುತ್ತ ನಗು ನಿಂತಿತು.

"ಏನಂತ?" ಎಂದಳು ಕಸ್ತೂರೆವ್ವ.

"ಭಾಳ ಮರ್ಯಾದಿಲೇ ಬರದಾರ, ಕಸ್ತೂರೆಕ್ಕಾ. ಒಂದು ರೆಕ್ಕಿ ಮ್ಯಾಲೆ, ಒಂದು ರೆಕ್ಕಿ ಕೆಳಗ ಆಗ್ಯಾವಂತ. ನೀರಾಗ ಒಗದ್ರ ಮಗ್ಗಲಾಗಿ ಬೀಳ್ತಾವಂತ. ಮುಂದಿನ ತಿಂಗಳದ್ದೂ ಹಿಂಗ ಬಂದ್ರ..." ಅವನು ಪತ್ರ ಮಡಿಚಿದ. "ಬ್ಯಾರೇ ಕಡೆ ನೋಡ್ಕೋತೀವಿ ಅಂದಾರ."

ಕಟ್ಟೆಯ ಇನ್ನೊಂದು ತುದಿಯಲ್ಲಿ ಬಸಿಯಲ್ಲಿ ಚಹಾ ಸುರುವಿಕೊಂಡು ಕೂತಿದ್ದವರು ಯಾಕೂಬಸಾಬರು. ಎದುರು ಮನೆಯವರು, ಗಂಗಪ್ಪನ ಜೀವದ ಗೆಳೆಯರು. ವರ್ಕಶಾಪಿನಲ್ಲಿ ಮೂವತ್ನಾಲ್ಕು ವರ್ಷ ಫಿಟ್ಟರರಾಗಿ ಪೆನ್ಶನ್ ಮೇಲೆ ಬಂದಿದ್ದರು. ಗಾಲಿ ಇರಲಿ, ಗಡಗಡಿ ಇರಲಿ, ಯಾಕೂಬಸಾಬರು ಸೆಂಟರ್ ಹಿಡಿದರೆಂದರೆ ತಿರುಗುವಾಗ ಅದು ಕೂದಲೆಳೆಯಷ್ಟೂ ಅತ್ತಿತ್ತ ಓಡುವುದಿಲ್ಲ ಎಂಬುದು ಇಡೀ ಶಾಪಿನ ಮಾತು. ಪೆನ್ಶನ್ ಆದ ಮೇಲೆ ಮಾತ್ರ ಅವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ದಿನಾ ಮುಂಜಾನೆ ಗಂಗಪ್ಪನಿದ್ದಾಗಿನಂತೆಯೇ ಬಂದು ಚಹಾ ಕುಡಿದು, ಹುಂಜದ ಮೇಲೆ, ಮುನ್ಸಿಪಾಲಿಟಿ ನಳದ ಮೇಲೆ ನಾಲ್ಕು ಮಾತು ಆಡಿ ಹೋಗುತ್ತಿದ್ದರು.

ಪತ್ರದ ಜೊತೆ ಬಂದಿದ್ದ ಚಿತ್ರದ ಪುಸ್ತಕವನ್ನು ಗುರುಸಿದ್ದಯ್ಯ ತಿರುವುತ್ತಿದ್ದ. ಒಂದು ಪುಟಕ್ಕೆ ಬಂದು ನಿಂತ. "ಇಲ್ಲಿ ನೋಡ್ರಿ, ತಿರುಗೋ ವೈಸು! ಹಿಡಕಿ ತಿರುವಿದ್ರ ಗಾಳಾನ ಸುತ್ತ ತಿರಗತೈತಿ. ಆಚಿ ಬದೀನೂ ಈಚಿಗೆ ಬರ್ತೈತಿ." ಆಮೇಲೆ ಬೆಲೆ ನೋಡಿ ಪುಸ್ತಕ ಕೆಳಗಿಟ್ಟ. "ಬಿಡ್ರಿ. ವಿಲಾಯತಿ ಮಾಲು. ತರಿಸಾಕ ಲೈಸೆನ್ಸ್ ಬ್ಯಾರೆ ಬೇಕು."

ಯಾಕೂಬಸಾಬರು ಬಸಿ ಕೆಳಗಿಟ್ಟು, ಕನ್ನಡಕ ಏರಿಸಿ ಆ ಚಿತ್ರವನ್ನೇ ಬಹಳ ಹೊತ್ತು ನೋಡಿದರು. "ಅರೆ, ಇದರಾಗ ಏನೈತಿ? ತಂಗೀ ಕುತಿಗಿ ತಿರುಗಂಗಿಲ್ಲ ಅಂದ್ರ ಗಾಳಾನ ತಿರುಗ್ಲಿ ತಗೋ. ನಾ ಮಾಡಿ ಕೊಡ್ತೇನಿ."

"ಅಣ್ಣಾರ, ಸುಮ್ನ ನಿಮಗ್ಯಾಕ ತ್ರಾಸು..."

"ತ್ರಾಸು?" ಯಾಕೂಬಸಾಬರು ಎದ್ದೇ ನಿಂತರು. "ಎರಡು ವರ್ಷದಿಂದ ಕುಂತು ಕುಂತು ತ್ರಾಸ ಆಗೈತಿ ನನಗ."

ಎಂಟು ದಿನ ಎದುರು ಮನೆಯಿಂದ ಅರದ ಸದ್ದು ಕೇಳಿಬಂತು. ಮುರಿದ ಸೈಕಲ್ಲಿನ ಮುಂದಿನ ಗಾಲಿಯ ಹಬ್ಬು, ಒಂದು ಹಳೆಯ ಇಕ್ಕಳದ ಮೂತಿ, ಸಾಗವಾನಿ ಹಲಗೆಯ ತುಂಡು: ಎಲ್ಲ ಮನೆಯ ಹಿಂದಿನ ಹಳೆ ಸಾಮಾನಿನ ರಾಶಿಯದೇ. ಒಂಬತ್ತನೆಯ ದಿನ ಅದನ್ನು ಹಸಿರು ಬಟ್ಟೆಯಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದರು. ಮೈಯೆಲ್ಲ ಎಣ್ಣೆ ತಿಕ್ಕಿ ಹೊಳೆಯುತ್ತಿತ್ತು. ಹಿಡಕಿ ತಿರುವಿದರೆ ಸದ್ದಿಲ್ಲ. ಬಿಟ್ಟಲ್ಲಿ ನಿಲ್ಲಲಿ ಎಂದು ತೊಗಲಿನ ವಾಶರ್ ಹಾಕಿ ಒಂದು ತಿರುಪು ಕೊಟ್ಟಿದ್ದರು.

"ನೋಡು ತಂಗೀ." ಮೂತಿಯಲ್ಲಿ ಒಂದು ದಬ್ಬಣ ಕಚ್ಚಿಸಿ ತಿರುವಿದರು. ದಬ್ಬಣ ತಿರುಗುತ್ತಿದೆಯೋ ನಿಂತಿದೆಯೋ ತಿಳಿಯದಷ್ಟು ನೆಟ್ಟಗಿತ್ತು. "ಕೂದಲೆಳಿಯಷ್ಟು ಓಡಿದ್ರ ನನ್ನ ಹೆಸರ ಬ್ಯಾರೆ ಇಡು."

ಕಸ್ತೂರೆವ್ವನ ಕಣ್ಣು ತುಂಬಿ ಬಂತು. "ಛಲೋ ಆಗೈತ್ರಿ ಅಣ್ಣಾರ. ಭಾಳ ಛಲೋ ಆಗೈತಿ."

ಇನ್ನೂ ಒಂದು ಗಾಳವನ್ನೂ ಅದರಲ್ಲಿ ಕಚ್ಚಿಸಿರಲಿಲ್ಲ, ಆಗಲೇ ಹೇಳಿಬಿಟ್ಟಳು. ಯಾಕೂಬಸಾಬರು ಅದನ್ನು ಕೇಳಿ ಹೋಗುವಾಗ ಅವರ ನಡಿಗೆಯೇ ಬೇರೆ ಇತ್ತು. ಸಂಜೆಯ ಹೊತ್ತಿಗೆ ಗಾಡಿಖಾನೆಯ ಚಹಾದಂಗಡಿಯವರೆಗೂ ಸುದ್ದಿ ಹೋಗಿತ್ತು, ವಿಲಾಯತಿ ಮಾಲನ್ನು ಯಾಕೂಬಸಾಬರು ಹುಬ್ಬಳ್ಳಿಯಲ್ಲಿ ಇಳಿಸಿದರೆಂದು.

ಅವರು ಹೋದ ಮೇಲೆ ಕಸ್ತೂರೆವ್ವ ಗಾಳ ಕಚ್ಚಿಸಿದಳು. ಗಾಳ ದಬ್ಬಣದ ಹಾಗೆ ನೆಟ್ಟಗಿರುವುದಿಲ್ಲ. ವೈಸು ಹಿಡಿಯುವುದು ಅದರ ಬಾಗನ್ನು; ದಾರ ಸುತ್ತುವುದು ಬಾಗಿನ ಮೇಲೆ ಚಾಚಿಕೊಂಡಿರುವ ಬೆನ್ನಿಗೆ. ಹಿಡಕಿ ತಿರುವಿದಳು. ಮೂತಿ ನೆಟ್ಟಗೆ ತಿರುಗಿತು. ಗಾಳದ ಬೆನ್ನು ಮಾತ್ರ ಜಾತ್ರೆಯ ತಿರುಗುವ ತೊಟ್ಟಿಲಿನಂತೆ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹೋಯಿತು. ಮೇಲೆ ಬಂದಾಗ ದಾರ ಬಿಗಿಯಿತು, ಕೆಳಗೆ ಹೋದಾಗ ಸಡಿಲಾಯಿತು. ಗರಿ ಜಾರಿತು. ಆಚೆ ಬದಿ ಈಚೆ ಬಂತು, ಖರೆ; ಆದರೆ ಬರುವಾಗ ಮೂತಿಯ ಮರೆಗೆ ಸರಿದು ಬಂತು. ನೋಡಬೇಕೆಂದರೆ ಮತ್ತೆ ಬಗ್ಗಲೇಬೇಕು.

ಇನ್ನೊಮ್ಮೆ ಕಟ್ಟಿದಳು. ಮತ್ತೊಮ್ಮೆ. ನಾಲ್ಕನೆಯ ಸಲ ದಾರ ಹರಿಯಿತು.

ಮರುದಿನ ಮುಂಜಾನೆ ಯಾಕೂಬಸಾಬರು ಚಹಾ ಕುಡಿಯುತ್ತ, "ಹೆಂಗ ನಡದೈತಿ?" ಎಂದು ಕೇಳಿದರು. "ನಡದೈತ್ರಿ" ಎಂದಳು. ಅದರ ಮರುದಿನವೂ ಹಾಗೆಯೇ. ಅವರು ಅತ್ತ ಹೋದ ಕೂಡಲೇ ಅವಳು ಬಾಗಿಲು ಮುಂದೆ ಮಾಡಿ, ಕೊರಳ ಪಟ್ಟಾ ಬಿಚ್ಚಿಟ್ಟು, ಮಡಮ್ಮನ ಹಳೆಯ ವೈಸಿನ ಮುಂದೆ ಬಗ್ಗಿ ಕೂರುತ್ತಿದ್ದಳು. ನಾಲ್ಕು ಡಜನ್ ಕಟ್ಟಿ ತಿಂಗಳ ಕೊನೆಗೆ ಕಳಿಸಬೇಕು. ದಿನಕ್ಕೆ ಎರಡು ಹುಳ ಆಗುವಷ್ಟರಲ್ಲಿ ಬೆನ್ನಹುರಿಯಿಂದ ಮೊಣಕೈವರೆಗೆ ಇರುವೆ ಹರಿದಾಡಿದಂತಾಗಿ, ಬೆರಳು ಗರಿಯನ್ನು ಹಿಡಿದಿವೆಯೋ ಬಿಟ್ಟಿವೆಯೋ ತಿಳಿಯುತ್ತಿರಲಿಲ್ಲ.

ಶನಿವಾರ ಸಾವಕ್ಕ ಗರಿಯ ಕಟ್ಟು ಹಿಡಿದು ಹಿತ್ತಲ ಬಾಗಿಲಿನಿಂದ ಒಳಗೆ ಬಂದವಳು ಇದನ್ನು ನೋಡಿ ಅಲ್ಲೇ ನಿಂತಳು.

"ಏ ಯವ್ವಾ! ಪಟ್ಟಾ ಎಲ್ಲಿ? ಹೊಸಾ ವೈಸಿಗೆ ಯಾಕ ಅರಿವಿ ಹೊಚ್ಚೀದಿ, ನೆಂಟರ ಕೂಸ ಮಲಗಿಸಿದಂಗ?"

ಕಸ್ತೂರೆವ್ವ ತುಟಿಗೆ ಬೆರಳಿಟ್ಟು, ಮೆಲ್ಲಗೆ ಎಲ್ಲ ಹೇಳಿದಳು. "ಹೆಂಗ ಹೇಳ್ಲಿ ಸಾವಕ್ಕಾ? ಆ ಮನಿಶಾಗ ಎರಡು ವರ್ಷದ ಮ್ಯಾಲೆ ಮಾರಿ ಮ್ಯಾಲೆ ನಗೀ ಬಂದೈತಿ. ಅವರ ಕೆಲಸ ಒಮ್ಮಿನೂ ಹೊಳ್ಳಿ ಬಂದಿಲ್ಲಂತ. ನನ್ನ ಹುಳ ಹೊಳ್ಳಿ ಬಂದಾಗ ನನಗ ಹೆಂಗಾತು ಅನ್ನೂದು ನನಗ ಗೊತ್ತೈತಿ."

"ಅದಕ್ಕ ನಿನ್ನ ಕುತಿಗಿ ಮುರಕೋತಿ? ಛಲೋ ಆತು. ಆಮ್ಯಾಲೆ ನಾ ನನ್ನ ಹುಂಜಾ ಬೋಳಿಸಿದ್ದು ಯಾತಕ್ಕ?" ಸಾವಕ್ಕ ಗರಿಯ ಕಟ್ಟನ್ನು ಹಲಗೆಯ ಮೇಲೆ ಒಗೆದಳು. ಆದರೆ ಬೈಯುತ್ತಲೇ ಎಣ್ಣೆ ಬಿಸಿ ಮಾಡಿ ತಂದು ಗೆಳತಿಯ ಕತ್ತು ತಿಕ್ಕಿದಳು. ತಿಕ್ಕುತ್ತ, "ನೀ ಹೇಳಲಿಲ್ಲಂದ್ರ ಆ ಅಣ್ಣಗ ಯಾವಾಗರೆ ತಿಳಿಯೂದ. ಆವಾಗ ಎರಡು ನೋವು ಆಗತಾವು ಅವರಿಗೆ" ಎಂದಳು.

ರವಿವಾರ ಗುರುಸಿದ್ದಯ್ಯ ಬಂದ. ಕಟ್ಟೆಯ ಮೇಲೆ ಹೊಸ ವೈಸು, ಅದರ ಪಕ್ಕ ತಲೆಗೆ ಇಸ್ತ್ರಿ ಮಾಡಿದ ಟೊಪ್ಪಿಗೆ ಹಾಕಿಕೊಂಡು ಯಾಕೂಬಸಾಬರು. ಸಾವಕ್ಕನೂ ಹುಂಜವನ್ನು ಬಗಲಲ್ಲಿ ಅವುಚಿಕೊಂಡು ಬಂದು ನಿಂತಳು.

"ವ್ಹಾ! ಸಾಬರ, ಪರೀಕ್ಷಾಕ ಕುಂತಂಗ ಕುಂತೀರಲ್ಲ" ಎಂದು ನಕ್ಕ ಗುರುಸಿದ್ದಯ್ಯ, ಕಸ್ತೂರೆವ್ವನ ಕಡೆ ತಿರುಗಿದ. "ಕಸ್ತೂರೆಕ್ಕಾ, ಪರೀಕ್ಷಾ ಮಾಡಾಕಿ ನೀನ. ನೂರಕ್ಕ ಎಷ್ಟು ಮಾರ್ಕ್ಸ್ ಕೊಡ್ತಿ?"

"ಕೊಡವ್ವಾ ಕೊಡು" ಎಂದರು ಯಾಕೂಬಸಾಬರು, "ದೃಷ್ಟಿ ಆಗಬಾರದಂತ ಒಂದು ಕಡಿಮಿ ಮಾಡಿ ತೊಂಬತ್ತೊಂಬತ್ತು ಕೊಡು."

ಕಸ್ತೂರೆವ್ವ ಹಲಗೆಯ ಅಂಚನ್ನು ಹಿಡಿದಳು. ಪಟ್ಟಾ ಕಟ್ಟಿದ ಕತ್ತು ಕೆಳಗೆ ಬಾಗುವುದಿಲ್ಲವಾದ್ದರಿಂದ ತಲೆ ತಗ್ಗಿಸಿ ಕೂರುವುದಕ್ಕೂ ಆಗಲಿಲ್ಲ. ಎದುರಿಗಿದ್ದ ಮುಖವನ್ನು ನೋಡುತ್ತಲೇ ಹೇಳಬೇಕಾಯಿತು.

"ಮೂವತ್ತೈದ್ರಿ, ಅಣ್ಣಾರ."

ಗುರುಸಿದ್ದಯ್ಯ ಹಾಸ್ಯವೆಂದುಕೊಂಡು ನಕ್ಕ. ಸಾವಕ್ಕ ಹುಂಜವನ್ನು ಇನ್ನೂ ಬಿಗಿಯಾಗಿ ಅವುಚಿಕೊಂಡಳು.

"ಮೂವತ್ತೈದು" ಎಂದರು ಯಾಕೂಬಸಾಬರು. "ಪಾಸ್ ಅಂತೂ ಮಾಡೀದಿ."

"ಆಚಿ ಬದಿ ಈಚಿಗೆ ಬರ್ತೈತ್ರಿ. ಬಿಟ್ಟಲ್ಲಿ ನಿಲ್ತೈತಿ. ಗಾಳ ಒಟ್ಟ ಜಾರಂಗಿಲ್ಲ. ಅದಕ್ಕ ಮೂವತ್ತೈದು. ಉಳಿದದ್ದು..." ಅವಳು ವೈಸನ್ನು ಹತ್ತಿರ ಎಳೆದುಕೊಂಡಳು. ಗಾಳ ಕಚ್ಚಿಸಿದಳು, ದಾರ ಕಟ್ಟಿ ಹಿಡಕಿ ತಿರುವಿದಳು. ಗಾಳದ ಬೆನ್ನು ಮೇಲೆ ಹೋಯಿತು, ಕೆಳಗೆ ಹೋಯಿತು. ದಾರ ಬಿಗಿಯಿತು, ಜೋತುಬಿತ್ತು. ಮೂರನೆಯ ಸುತ್ತಿಗೆ ಗರಿ ಜಾರಿ ಯಾಕೂಬಸಾಬರ ಮೊಣಕಾಲ ಮೇಲೆ ಬಿತ್ತು.

ಅವರು ಆ ಗರಿಯನ್ನು ಎತ್ತಿ ಹಲಗೆಯ ಮೇಲಿಟ್ಟರು. "ನಾ ದಬ್ಬಣ ಹಿಡಿಸಿ ನೋಡಿದ್ನಲ್ಲ" ಎಂದರು, ಯಾರಿಗೋ ಅಲ್ಲ, ತಮಗೇ. "ಮೊದಲನೇ ದಿನ ಛಲೋ ಆಗೈತಿ ಅಂದಿ."

"ಅಂದೆರಿ. ಸುಳ್ಳ ಹೇಳಿದೆ."

ಯಾಕೂಬಸಾಬರು ಎದ್ದರು. ವೈಸನ್ನು ಹಸಿರು ಬಟ್ಟೆಯಲ್ಲಿ ಸುತ್ತಿ ಬಗಲಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ ಹೋದರು. ಬಸಿಯಲ್ಲಿ ಚಹಾ ಹಾಗೇ ಇತ್ತು. ಅದರ ಮೇಲೆ ಕೆನೆ ಕಟ್ಟುವವರೆಗೂ ಕಸ್ತೂರೆವ್ವ ಅದನ್ನೇ ನೋಡುತ್ತ ಕೂತಳು.

ಸೋಮವಾರ ಅವರು ಬರಲಿಲ್ಲ. ಮಂಗಳವಾರವೂ ಇಲ್ಲ. ಎದುರು ಬಾಗಿಲಿಗೆ ಚಿಲಕ. ಅರದ ಸದ್ದೂ ಇಲ್ಲ. ಹುಳ ಇನ್ನೂ ಮೂರು ಡಜನ್ ಉಳಿದಿದ್ದವು, ತಿಂಗಳ ಕೊನೆಗೆ ಹನ್ನೆರಡೇ ದಿನ. ಕಸ್ತೂರೆವ್ವ ಹಳೆಯ ವೈಸಿನ ಮುಂದೆ ಕೂತರೆ ಕೈ ಏಳಲೊಲ್ಲದು. ಹುಳ ಕಟ್ಟುವುದು ನಿಂತರೆ ನಿಲ್ಲಲಿ, ಮನುಷ್ಯರ ಮನಸ್ಸು ಮುರಿದು ಏನು ಗಳಿಸಿದೆ ಎಂದು ಒಂದು ಮನಸ್ಸು. ಸುಳ್ಳಿನ ಮೇಲೆ ಎಷ್ಟು ದಿನ ದಾರ ಸುತ್ತುತ್ತಿದ್ದೆ ಎಂದು ಇನ್ನೊಂದು ಮನಸ್ಸು. ದಿನಾ ಎರಡು ಬಸಿ ಚಹಾ ಮಾಡಿ ಒಂದನ್ನು ತಾನೇ ಚೆಲ್ಲಿದಳು.

ಬುಧವಾರ ಸಾವಕ್ಕ ಓಡುತ್ತ ಬಂದಳು. "ನಿಮ್ಮ ಅಣ್ಣ ಎಲ್ಲಿದ್ರು ಗೊತ್ತೈತೇನ? ಉಣಕಲ್ ಕೆರಿ ದಂಡಿ ಮ್ಯಾಲೆ! ನಮ್ಮ ಓಣಿ ಗಿರಿಯಪ್ಪ ಬೈರಿದೇವರಕೊಪ್ಪದಿಂದ ಬರೂಮುಂದ ನೋಡ್ಯಾನ. ಕೋಲ ಹಿಡಕೊಂಡು ಮೀನ ಹಿಡಿಯಾಕ ಕುಂತಿದ್ರಂತ. ಟೊಪಗಿ ಹಾಕ್ಕೊಂಡು!"

"ಅವರು? ಮೀನ?"

"ಹೂಂ ಮತ್ತ. ತಲಿಗಿ ಬಿಸಲ ಹತ್ತಿತೋ ಏನೋ."

ಆ ರಾತ್ರಿಯಿಡೀ ಎದುರು ಮನೆಯಿಂದ ಮತ್ತೆ ಅರದ ಸದ್ದು ಕೇಳಿಬಂತು. ಗುರುವಾರ ಬಿಸಿಲು ಕಟ್ಟೆಗೆ ಬರುವ ಹೊತ್ತಿಗೆ ಸರಿಯಾಗಿ ಯಾಕೂಬಸಾಬರು ಬಂದರು. ಬಗಲಲ್ಲಿ ಹಸಿರು ಗಂಟು. ಬಲಗೈ ಹೆಬ್ಬೆರಳಿಗೆ ದಪ್ಪನೆಯ ಬಟ್ಟೆಯ ಪಟ್ಟಿ.

"ಅಯ್ಯ, ಏನಾತ್ರಿ ಬೆರಳಿಗೆ?"

"ಗಾಳ ಹೆಂಗ ಬಾಗಿರ್ತೈತಿ ಅಂತ ತಿಳಕೊಳ್ಳಾಕ ಹೋಗಿದ್ದೆ. ಛಲೋತ್ನಾಗಿ ತಿಳೀತು" ಎಂದು ಅವರು ತಮ್ಮ ಜಾಗದಲ್ಲೇ ಕೂತರು. "ತಂಗೀ, ನಾ ಜಲಮದಾಗ ಗಾಳ ಕೈಯಾಗ ಹಿಡದಾಂವ ಅಲ್ಲ. ಚಿತ್ರದಾಗ ವೈಸ ನೋಡಿದೆ, ಗಾಳ ನೋಡ್ಲಿಲ್ಲ. ಅಲ್ಲಿ ದಂಡಿ ಮ್ಯಾಲೆ ಕುಂತು ಒಂದ ಗಾಳ ಹಿಡಕೊಂಡು ಹೊಳ್ಳಿಸಿ ಹೊಳ್ಳಿಸಿ ನೋಡಿದೆ. ಮೂವತ್ನಾಲ್ಕು ವರ್ಷ ಹಿಡಿಯೂದನ್ನ ನಡುವ ಇಟ್ಟೆ. ಇಲ್ಲಿ ಹಿಡಿಸಿಕೊಳ್ಳೂದನ್ನ, ಗಾಳದ ಬೆನ್ನನ್ನ, ನಡುವ ಇಡಬೇಕಾಗಿತ್ತು."

ಬಟ್ಟೆ ಬಿಚ್ಚಿದರು. ಮೂತಿಯ ಕುತ್ತಿಗೆಯನ್ನು ಮೊಣಕೈ ಮಡಿಚಿದ ಹಾಗೆ ಕೆಳಗೆ ಬಾಗಿಸಿದ್ದರು. ಸಣ್ಣ ಗಾಳಕ್ಕೆ, ದೊಡ್ಡ ಗಾಳಕ್ಕೆ ಏರಿಸಿ ಇಳಿಸಲು ಒಂದು ತೂತು, ಒಂದು ತಿರುಪು. ಹಲಗೆಯ ಆಚೆ ತುದಿಯಲ್ಲಿ, ಎದುರಿಗೆ ಬೆರಳು ತೋರಿಸಿದಂತೆ, ಒಂದು ಸೂಜಿ.

"ಗಾಳದ ಕಣ್ಣು ಈ ಸೂಜಿ ತುದೀಗೆ ಬಂತಂದ್ರ ಸೆಂಟರ್. ದಬ್ಬಣ ಬ್ಯಾಡ ಈಗ. ನಿನ್ನ ಗಾಳಾನ ಹಿಡಸು. ನಾ ಮುಟ್ಟಂಗಿಲ್ಲ. ಮತ್ತ ಛಲೋ ಆಗೈತಿ ಅಂತ ಈಗ ಅನಬ್ಯಾಡ. ಒಂದು ಹುಳಾ ಪೂರಾ ಕಟ್ಟು."

ಕಸ್ತೂರೆವ್ವ ಗಾಳ ಕಚ್ಚಿಸಿದಳು. ಅದರ ತುದಿಯ ತೂತಿನ ಕಣ್ಣನ್ನು ಸೂಜಿಯ ತುದಿಗೆ ಹೊಂದಿಸಿದಳು. ದಾರ ಕಟ್ಟಿ, ಎಡಗೈಯಲ್ಲಿ ಹಿಡಕಿ ತಿರುವಿದಳು. ಮೂತಿ ಗಾಳದ ಸುತ್ತ ಪ್ರದಕ್ಷಿಣೆ ಹಾಕಿತು. ಗಾಳದ ಬೆನ್ನು ಇದ್ದಲ್ಲೇ ಮಗ್ಗಲು ಬದಲಿಸಿತು. ದಾರ ಬಿಗಿಯಲಿಲ್ಲ, ಜೋತುಬೀಳಲಿಲ್ಲ. ತನಗೇ ದಾರಿ ಗೊತ್ತಿದ್ದ ಹಾಗೆ ಸುತ್ತು ಸುತ್ತಾಗಿ ಹೋಗಿ ಕೂತಿತು. ಈಚೆ ರೆಕ್ಕೆ ಕಟ್ಟಿದಳು. ತಿರುವಿದಳು. ಆಚೆ ಬದಿ ಬಿಸಿಲಿಗೆ ಬಂತು. ಎಷ್ಟೋ ತಿಂಗಳ ಮೇಲೆ ಅವಳು ಅದನ್ನು ಕತ್ತು ನೋಯದೆ ನೋಡುತ್ತಿದ್ದಳು. ಆ ರೆಕ್ಕೆಯನ್ನೂ ಈ ರೆಕ್ಕೆಯ ಸಮಕ್ಕೆ ಇಟ್ಟು, ಮೂರು ಸುತ್ತು ಬಿಗಿದು, ಗಂಟು ಹಾಕಿ ದಾರ ಕತ್ತರಿಸಿದಳು.

ಯಾಕೂಬಸಾಬರು ಕೈ ಚಾಚಿದರು. ಹುಳವನ್ನು ಅಂಗೈಯಲ್ಲಿಟ್ಟುಕೊಂಡು ಕನ್ನಡಕದ ಹತ್ತಿರ ತಂದು ಮಗುಚಿ ನೋಡಿದರು.

"ಮಾರ್ಕ್ಸ್?"

ಕಸ್ತೂರೆವ್ವ ಹೊಸ ಗಾಳವೊಂದನ್ನು ಕಚ್ಚಿಸುತ್ತಿದ್ದಳು. ಅವಳ ನೋಟ ಸೂಜಿಯ ತುದಿಯ ಮೇಲೆಯೇ ಇತ್ತು.

"ತೊಂಬತ್ತಾರು."

"ಅರೆ! ಇನ್ನ ನಾಕು ಯಾತಕ್ಕ ಕಡಿಮಿ? ಎಲ್ಲಿ ಓಡತೈತಿ, ತೋರಿಸು."

"ವೈಸ ಎಲ್ಲೂ ಓಡಂಗಿಲ್ರಿ. ಸೋಮವಾರ, ಮಂಗಳವಾರ, ಬುಧವಾರ ಚಹಾಕ ಬರಲಿಲ್ಲ ನೀವು. ಮೂರು ಅದಕ್ಕ."

"ಇನ್ನೊಂದು?"

"ರವಿವಾರದ್ದು. ಮಾಡಿಟ್ಟ ಚಹಾ ಬಿಟ್ಟ ಹೋದ್ರಿ."

ಯಾಕೂಬಸಾಬರು ಟೊಪ್ಪಿಗೆ ತೆಗೆದು ತಲೆ ತುರಿಸಿಕೊಂಡರು. ಆಮೇಲೆ ಒಳಗಿನ ಒಲೆಯ ಕಡೆ ನೋಡಿ, "ಚಹಾ ಇದ್ರ ತಾ ಮತ್ತ" ಎಂದರು.

"ಕುಂಡ್ರಿ, ಇದೊಂದು ರೆಕ್ಕಿ ಕಟ್ಟಿ ಎದ್ದೆ" ಎಂದಳು ಕಸ್ತೂರೆವ್ವ, ಹಿಡಕಿ ತಿರುವುತ್ತ.

ಸಾವಕ್ಕನ ಹುಂಜ ಓಣಿಯ ತಿರುವಿನಲ್ಲಿ ಕಾಣಿಸಿಕೊಂಡಿತು. ಕಟ್ಟೆಯ ಮೇಲೆ ಇಬ್ಬರೂ ಕೂತಿರುವುದನ್ನು ಕಂಡು, ಬಂದ ದಾರಿಯಲ್ಲೇ ಓಟ ಕಿತ್ತಿತು.